ಡಿಕಂಡಿಷನಿಂಗ್: ಕೂತಲ್ಲೇ ಕರಗುವ ಕಸುವು

ದೇಹವನ್ನು ಕೆಲಸಕ್ಕೆ ಹಚ್ಚದೆ ಬಿಟ್ಟರೆ ಹೃದಯ, ರಕ್ತ, ಸ್ನಾಯು, ಸಮತೋಲ, ನಿದ್ದೆ ಎಲ್ಲವೂ ಆ ಕಡಿಮೆ ಬೇಡಿಕೆಗೆ ತಕ್ಕಂತೆ ಕುಗ್ಗುತ್ತವೆ. ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು ಇದನ್ನು ಡಿಕಂಡಿಷನಿಂಗ್ ಎನ್ನುತ್ತಾರೆ. ಇದು ಸೋಂಕಲ್ಲ, ವಯಸ್ಸಿನ ದೋಷವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಮತ್ತೆ 2021ರ ಬೇಸಿಗೆಯಲ್ಲಿ ರಾಜ್ಯ ಮುಚ್ಚಿದಾಗ, ಕೋವಿಡ್ ತಗಲದೆ ಮನೆಯೊಳಗೇ ಉಳಿದವರಿಗೂ ಇದು ಬಂತು. "ಕಾಲಾಗ ಕಸುವಿಲ್ರೀ", "ಯಾವುದಕ್ಕೂ ಮನಸ್ಸಾಗವಲ್ದು" ಎಂದು ನಮ್ಮ ಕಡೆ ಹೇಳುವ ಎರಡು ಮಾತುಗಳ ಹಿಂದೆ ಹಲವು ಸಲ ಇದೊಂದೇ ಕಾರಣ ಇರುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಎಂಬುದನ್ನು ಜನ ನಂಬುವುದಿಲ್ಲ. ದಿನಕ್ಕೆ ಸುಮಾರು 10,500 ಹೆಜ್ಜೆ ನಡೆಯುತ್ತಿದ್ದ 10 ಮಂದಿ ಆರೋಗ್ಯವಂತ ಯುವಕರನ್ನು ಎರಡು ವಾರ ಸುಮಾರು 1,350 ಹೆಜ್ಜೆಗೆ ಇಳಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರು ಹಾಸಿಗೆ ಹಿಡಿದವರಲ್ಲ, ಓಡಾಟ ಕಡಿಮೆ ಮಾಡಿದವರು ಅಷ್ಟೆ. ಎರಡು ವಾರದಲ್ಲಿ ಗರಿಷ್ಠ ಆಮ್ಲಜನಕ ಬಳಸುವ ಶಕ್ತಿ ಶೇ 7ರಷ್ಟು, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಪ್ರಮಾಣ ಶೇ 17ರಷ್ಟು, ಕಾಲಿನ ಕೊಬ್ಬುರಹಿತ ತೂಕ ಶೇ 2.8ರಷ್ಟು ಇಳಿಯಿತು. ಲಾಕ್‌ಡೌನಿನಲ್ಲಿ ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯ ಬೆಳಗಿನ ಸುತ್ತು, ದುರ್ಗದಬೈಲಿನ ಸಂತೆ, ಬಸ್ ಸ್ಟ್ಯಾಂಡಿನ ದಾರಿ ಎಲ್ಲ ಒಟ್ಟಿಗೇ ನಿಂತವರದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಪೂರ್ತಿ ಮಲಗಿಸಿದರೆ ಇನ್ನೂ ಕೆಟ್ಟದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವಯಸ್ಸಿನ ಐವರನ್ನು ಮೂರು ವಾರ ಹಾಸಿಗೆಯಲ್ಲೇ ಇಟ್ಟಾಗ ಅದೇ ಶಕ್ತಿ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. 30 ವರ್ಷ ಕಳೆದು ಮತ್ತೆ ಅಳೆದಾಗಲೂ ಅವರಲ್ಲಿ ಯಾರೂ ಆ ಮೂರು ವಾರದ ಮಟ್ಟಕ್ಕಿಂತ ಕೆಳಗೆ ಹೋಗಿರಲಿಲ್ಲ.

ಮೊದಲು ಕಡಿಮೆಯಾಗುವುದು ರಕ್ತದ ನೀರಿನಂಶ, ಅದೂ ಕೆಲವೇ ದಿನಗಳಲ್ಲಿ. ರಕ್ತದ ಗಾತ್ರ ಇಳಿದರೆ ಹೃದಯ ಒಂದು ಬಡಿತಕ್ಕೆ ತಳ್ಳುವುದೂ ಇಳಿಯುತ್ತದೆ, ಆ ಕೊರತೆ ತುಂಬಲು ನಾಡಿ ಏರುತ್ತದೆ. ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದಕ್ಕೆ, ನಾಲ್ಕು ಮೆಟ್ಟಿಲಿಗೇ ಎದೆ ಬಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಸ್ನಾಯುಗಳಲ್ಲಿ ಹೆಚ್ಚು ಸೊರಗುವುವು ಮೈಭಾರ ಹೊರುವಂಥವು: ತೊಡೆಯ ಮುಂಭಾಗ, ಮೀನಖಂಡ, ಬೆನ್ನು. ಆದ್ದರಿಂದ ರೊಟ್ಟಿ ಬಡಿಯುವ ಕೈಗೆ ಏನೂ ಆಗಿರುವುದಿಲ್ಲ, ಅದೇ ಮನುಷ್ಯರು ನೆಲಕ್ಕೆ ಕೂತು ಉಂಡು ಏಳುವಾಗ ಕೈ ಊರಬೇಕಾಗುತ್ತದೆ.

ಮನಸ್ಸಿನ ಕಡೆಯೂ ಇದೇ ಲೆಕ್ಕ. ಕೆಲಸ, ಭೇಟಿ, ಹರಟೆ, ಗುಡಿ, ಚಹಾ ಅಂಗಡಿ ಕಡಿಮೆಯಾದಷ್ಟೂ ದಿನದಲ್ಲಿ ಖುಷಿ ಕೊಡುವ ಸಣ್ಣ ಸಂಗತಿಗಳು ಕಡಿಮೆ. ಉಮೇದು ಇಳಿಯುತ್ತದೆ, ಉಮೇದಿಲ್ಲದ್ದರಿಂದ ಇದ್ದ ಕೆಲಸವೂ ಬಿಡುತ್ತದೆ. ಈ ಸುತ್ತನ್ನು ಕತ್ತರಿಸುವ ಚಿಕಿತ್ಸೆಗೆ ಬಿಹೇವಿಯರಲ್ ಆಕ್ಟಿವೇಶನ್ ಎನ್ನುತ್ತಾರೆ. ಅದರ ನಿಯಮ ಜನ ಅಂದುಕೊಂಡದ್ದಕ್ಕೆ ಉಲ್ಟಾ: ಮನಸ್ಸು ಬಂದ ಮೇಲೆ ಕೆಲಸವಲ್ಲ, ಗಡಿಯಾರ ನೋಡಿ ಮೊದಲು ಕೆಲಸ, ಮನಸ್ಸು ಆಮೇಲೆ. "ಸಂಜೀಕ ನೋಡೂಣು" ಎಂದು ಬಿಟ್ಟದ್ದು ನಡೆಯುವುದಿಲ್ಲ. ಬೆಳಿಗ್ಗೆ 6:30ಕ್ಕೆ ಏಳುವುದು, ಎದ್ದ ಒಂದು ಗಂಟೆಯೊಳಗೆ 20 ನಿಮಿಷ ಅಂಗಳದಲ್ಲೋ ಮಾಳಿಗೆಯಲ್ಲೋ ಹಗಲು ಬೆಳಕಿಗೆ ನಿಲ್ಲುವುದು, 11ಕ್ಕೆ ಒಬ್ಬರಿಗೆ ಫೋನ್ ಮಾಡುವುದು ಎಂದು ಹೊತ್ತು ಹಾಕಿ ಬರೆದಿಟ್ಟರೆ ನಡೆಯುತ್ತದೆ. ಇವುಗಳಲ್ಲಿ ಏಳುವ ಹೊತ್ತನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯಬೇಕು. ಮಲಗುವ ಹೊತ್ತು ಮನಸ್ಸು ಮಾಡಿದರೆ ಬರುವುದಲ್ಲ, ಏಳುವ ಹೊತ್ತು ಗಟ್ಟಿಯಾದರೆ ಅದು ತಾನೇ ಸರಿಹೋಗುತ್ತದೆ.

ಕಸುವು ಎಷ್ಟು ಇಳಿದಿದೆ ಎಂದು ಮನೆಯಲ್ಲೇ ಅಳೆಯಬಹುದು. ಸುಮಾರು 17 ಇಂಚು ಎತ್ತರದ, ಕೈ ಊರುವ ತೋಳುಗಳಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಅಮೆರಿಕದ ಮಾಪನದ ಪ್ರಕಾರ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. 70ರಿಂದ 74ಕ್ಕೆ ಆ ಗಡಿ 12 ಮತ್ತು 10. ಕೈ ಊರಿದರೆ ಲೆಕ್ಕ ಸೊನ್ನೆ. ಇಲ್ಲಿ ಬಹಳ ಮಂದಿ ಎಡವುವುದು ಸೋಫಾದ ಮೇಲೆ ಕೂತು ಅಳೆಯುವುದರಿಂದ. ಮೆತ್ತನೆಯ, ತಗ್ಗಿನ ಆಸನದಿಂದ ಏಳುವುದು ಬೇರೆಯೇ ಪರೀಕ್ಷೆ.

ಪಾರ್ಕು, ಮೈದಾನ ಮುಚ್ಚಿದ್ದರೂ ನಡಿಗೆ ಸಾಧ್ಯ. 20 ಅಡಿ ಪಡಸಾಲಿಯಲ್ಲಿ ಹೋಗಿ ಬಂದರೆ 12 ಮೀಟರ್, 40 ಸಲ ಸುತ್ತಿದರೆ ಅರ್ಧ ಕಿಲೋಮೀಟರಿಗೆ ತುಸು ಕಡಿಮೆ. ಆದರೆ ಒಂದೇ ಕಡೆ ತಿರುಗುತ್ತಿದ್ದರೆ ಒಳಗಿನ ಮೊಳಕಾಲಿಗೆ ತಿರುಚು ಬೀಳುತ್ತದೆ. ಎರಡು ಕುರ್ಚಿ ಇಟ್ಟು ಎಂಟರ ಆಕಾರದಲ್ಲಿ ಸುತ್ತಿದರೆ ಎರಡೂ ಕಡೆ ಸಮ. ವೇಗ ಎಷ್ಟಿರಬೇಕೆಂದರೆ, ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು. ಮೊದಲ ವಾರ 5 ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. ಆಮೇಲೆ ವಾರಕ್ಕೆ ಹತ್ತಿಪ್ಪತ್ತು ಶೇಕಡ ಮಾತ್ರ ಏರಿಸುತ್ತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷದ ಕಡೆ ಹೋಗಬಹುದು. 10,000 ಹೆಜ್ಜೆಯ ಹಟ ಬೇಡ. ಆ ಅಂಕಿ 1960ರ ದಶಕದ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಬಂದದ್ದು, ವೈದ್ಯಶಾಸ್ತ್ರದಿಂದಲ್ಲ.

ನಡಿಗೆಯೊಂದರಿಂದ ತೊಡೆ ಗಟ್ಟಿಯಾಗುವುದಿಲ್ಲ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಕುರ್ಚಿಯಿಂದ ಎದ್ದು ಕೂರುವುದು 8 ಸಲದಂತೆ ಎರಡು ಸುತ್ತು, ಗೋಡೆ ಹಿಡಿದು ಹಿಂಬಡ ಎತ್ತುವುದು 10 ಸಲದಂತೆ ಎರಡು ಸುತ್ತು. ಕೂರುವಾಗ ಧೊಪ್ಪೆಂದು ಬೀಳದೆ ಮೂರು ಎಣಿಸುತ್ತ ಇಳಿಯಿರಿ, ಅರ್ಧ ಲಾಭ ಅಲ್ಲೇ ಇದೆ.

ಎಡವಟ್ಟು ಆಗುವುದು ಲಾಕ್‌ಡೌನಿನಂಥ ನಿರ್ಬಂಧ ಸಡಿಲವಾದ ಮೊದಲ ಭಾನುವಾರ. ಎರಡು ತಿಂಗಳು ಕೂತವರು ಏಕಾಏಕಿ ನೃಪತುಂಗ ಬೆಟ್ಟ ಹತ್ತುತ್ತಾರೆ. ಹತ್ತುವಾಗ ಏದುಸಿರಷ್ಟೇ, ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾದ್ದರಿಂದ ಏಟು ಅಲ್ಲಿ ಬೀಳುತ್ತದೆ. ನೋವು ಆ ದಿನ ಗೊತ್ತಾಗದೆ ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಹೆದರಿ ಮತ್ತೆ ವಾರಗಟ್ಟಲೆ ಕೂತರೆ ಇದ್ದದ್ದೂ ಹೋಯಿತು. ಆ ನೋವಿಗೆ ಪೂರ್ತಿ ವಿಶ್ರಾಂತಿಗಿಂತ ಸಮತಟ್ಟಿನಲ್ಲಿ ಸಾವಕಾಶ ನಡೆಯುವುದು ಒಳ್ಳೆಯದು.

ಊಟದ ಮಾತು ಇಷ್ಟೇ: 65 ದಾಟಿದವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು ತಜ್ಞರ ಶಿಫಾರಸು. ಜೋಳದ ರೊಟ್ಟಿಯೊಂದರಿಂದ ಅದು ಬಾರದು. ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಜೊತೆಗಿರಲಿ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಎಲ್ಲ ದಣಿವೂ ಡಿಕಂಡಿಷನಿಂಗ್ ಅಲ್ಲ. ಕೋವಿಡ್ ಬಂದು ಹೋದ ಮೇಲೆ ಸಣ್ಣ ಕೆಲಸ ಮಾಡಿದರೂ ಒಂದೆರಡು ದಿನದಲ್ಲಿ ಮೈ ಪೂರ್ತಿ ಕುಸಿದು, ತಲೆ ಮಂಕಾಗಿ, ಚೇತರಿಸಲು ದಿನಗಟ್ಟಲೆ ಬೇಕಾದರೆ ಮೇಲೆ ಹೇಳಿದಂತೆ ಏರಿಸುತ್ತ ಹೋಗುವುದು ಅಪಾಯ. ಅಂಥವರು ಶಕ್ತಿ ಮುಗಿಯುವ ಮೊದಲೇ ನಿಲ್ಲುವುದನ್ನು ಕಲಿಯಬೇಕು. ಎದೆನೋವು, ಎಚ್ಚರ ತಪ್ಪುವುದು, ಒಂದೇ ಮೀನಖಂಡ ಬಾತು ನೋಯುವುದು ಕಂಡರೆ ವ್ಯಾಯಾಮ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದ ಸ್ಥಿತಿ ದಿನದ ಬಹುಭಾಗ, ಹೆಚ್ಚುಕಡಿಮೆ ದಿನಾಲೂ, ಎರಡು ವಾರ ಮುಂದುವರಿದರೆ ಅದನ್ನು ಖಿನ್ನತೆಯೆಂದೇ ಪರೀಕ್ಷಿಸಿಕೊಳ್ಳಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದೇ ಇದಕ್ಕೆ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು. ಸಾಯುವ ವಿಚಾರ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಮಾತಾಡಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರ. ಕೂತ ದಿನಗಳಲ್ಲಿ ಏರಿಸಿದ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ನಡಿಗೆ ಶುರುವಾದ ಮೇಲೆ ಹೆಚ್ಚಾಗಿಬಿಡಬಹುದು, ಸ್ನಾಯು ಮತ್ತೆ ಸಕ್ಕರೆ ಹೀರತೊಡಗುತ್ತದಲ್ಲ. ಬೆವರು, ನಡುಕ, ತಲೆ ಸುತ್ತು ಬಂದರೆ ರಕ್ತದ ಸಕ್ಕರೆ ತೀರಾ ಇಳಿದಿರಬಹುದು. ನಿಶ್ಶಕ್ತಿಯೆಂದು ತಳ್ಳಿಹಾಕದೆ ಕೂಡಲೇ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ರಕ್ತದ ಸಕ್ಕರೆ ಮತ್ತೆ ಅಳೆಯಬೇಕು. ಮೊದಲ ತಿಂಗಳು ಗ್ಲುಕೋಮೀಟರಿನ ಅಂಕಿಗಳನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಪ್ರಮಾಣ ಇಳಿಸುವ ನಿರ್ಧಾರ ಅವರದು.