ರಿವೆಟ್ ಹೊಡೆದ ತಗಡು

"ತಲೆ ಕೆಟ್ಟಿದೆ ಅಂತ ಮಾತ್ರ ಹೇಳಬೇಡಿ ಡಾಕ್ಟ್ರೇ" ಎಂದೇ ಶುರುಮಾಡುತ್ತಾರೆ, ಆಕಾಶದಲ್ಲಿ ಏನೋ ಕಂಡು ನನ್ನ ಹತ್ತಿರ ಬರುವವರು. ವರ್ಷಕ್ಕೆ ಒಬ್ಬಿಬ್ಬರು ಅಷ್ಟೇ. ಅವರ ತಲೆ ನೆಟ್ಟಗಿರುತ್ತದೆ, ಸುಳ್ಳೂ ಹೇಳುತ್ತಿರುವುದಿಲ್ಲ. ಈಚೆಗೆ ಬಂದವರು ಬ್ಯಾಂಕಿನವರು, ಲೆಕ್ಕದಲ್ಲಿ ಪಕ್ಕಾ. "ತೆಂಗಿನಮರದ ತುದಿಯಲ್ಲೇ ಇತ್ತು ಸರ್, ಬಸ್ಸಿನಷ್ಟು ದೊಡ್ಡದು." ನಾನು ಅದನ್ನು ಬರೆದುಕೊಳ್ಳಲಿಲ್ಲ. ಕೈ ಚಾಚಿ, ಯಾವ ಬೆರಳಿಗೆ ಅದು ಮರೆಯಾಗುತ್ತಿತ್ತು ತೋರಿಸಿ ಎಂದೆ. ಯೋಚಿಸಿ ಕಿರುಬೆರಳು ಎತ್ತಿದರು.

ಚಾಚಿದ ಕೈಯ ಕಿರುಬೆರಳು ಹುಣ್ಣಿಮೆ ಚಂದ್ರನನ್ನೂ ಮುಚ್ಚುತ್ತದೆ. ಅಷ್ಟು ದೂರದ ಬೆಳಕಿನಿಂದ ಕಣ್ಣಿಗೆ ಸಿಗುವುದು ಕೋನ ಮಾತ್ರ. ದೂರವನ್ನು ಮಿದುಳು ಅಂದಾಜು ಮಾಡುತ್ತದೆ, ಗಾತ್ರ ಮತ್ತು ವೇಗ ಆ ಅಂದಾಜಿನ ಬಾಲ ಹಿಡಿದು ಬರುತ್ತವೆ. ಆದರೆ ಅಂದಾಜು ಮಾಡಿದೆವು ಎಂದು ನಮಗೆ ಅನ್ನಿಸುವುದೇ ಇಲ್ಲ, ಕಣ್ಣಾರೆ ಕಂಡೆವು ಎಂದೇ ಅನ್ನಿಸುತ್ತದೆ.

1968ರ ಮಾರ್ಚ್ 3ರ ರಾತ್ರಿ ಸೋವಿಯತ್ ಒಕ್ಕೂಟದ ಜೊಂಡ್ 4 ಎಂಬ ಬಾಹ್ಯಾಕಾಶ ನೌಕೆಯ ಉಡಾವಣೆಯ ಅವಶೇಷಗಳು ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತ ಸಾಗಿದವು. ಉರಿಯುವ ಚೂರುಗಳ ಸಾಲು ಎಂದು ಬಹಳ ಜನ ಸರಿಯಾಗಿಯೇ ಹೇಳಿದರು. ಕೆಲವರಿಗೆ ಮಾತ್ರ ಚುಟ್ಟದ ಆಕಾರದ ವಾಹನ ಕಂಡಿತು. ಅದಕ್ಕೆ ಕಿಟಕಿಗಳ ಸಾಲು, ಒಳಗಿಂದ ಬೆಳಕು. ಮೈ ಪೂರ್ತಿ ತಗಡು ಜೋಡಿಸಿ ರಿವೆಟ್ ಹೊಡೆದಂತಿತ್ತು ಎಂದೂ ಒಂದು ವರದಿ ಬಂತು. ಹತ್ತಾರು ಕಿಲೊಮೀಟರ್ ಎತ್ತರದ ಬೆಂಕಿಯಲ್ಲಿ ರಿವೆಟ್! ಹಾರುವ ತಟ್ಟೆಗಳ ಬಗ್ಗೆ ಕೊಲೊರಾಡೊ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನಕ್ಕಾಗಿ ಇವನ್ನು ಪರಿಶೀಲಿಸಿದ ಖಗೋಳ ವಿಜ್ಞಾನಿ ವಿಲಿಯಂ ಹಾರ್ಟ್‌ಮನ್ ಇದನ್ನು ವಾಯುನೌಕೆಯ ಪರಿಣಾಮ ಎಂದರು. ಸಾಲುದೀಪ ಕಂಡರೆ ನಡುವಿನ ಕತ್ತಲಿಗೆ ಮನಸ್ಸೇ ಒಂದು ಒಡಲು ಕಟ್ಟಿಕೊಡುತ್ತದೆ. ಹೆಚ್ಚು ಉದ್ವೇಗಗೊಂಡವರೇ ಹೆಚ್ಚು ವಿವರ ಬರೆಯುತ್ತಾರೆ ಎಂಬುದನ್ನೂ ಅವರು ಗಮನಿಸಿದ್ದರು. ವಿವರ ಹೆಚ್ಚಿದ್ದಷ್ಟೂ ನಂಬುವ ಚಟ ನನಗೂ ಇತ್ತು, ಇದನ್ನು ಓದಿದ ಮೇಲೆ ಸ್ವಲ್ಪ ಇಳಿದಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೋಣೆಯನ್ನು ಪೂರ್ತಿ ಕತ್ತಲು ಮಾಡಿ ಒಂದು ಊದುಬತ್ತಿ ಹಚ್ಚಿಟ್ಟು, ಅದರ ಕೆಂಡವನ್ನೇ ಒಂದೆರಡು ನಿಮಿಷ ನೋಡುತ್ತಿರಿ. ಕೆಂಡ ಮೆಲ್ಲಗೆ ತೇಲತೊಡಗುತ್ತದೆ. 1930ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರೀಫ್ ಇಂಥದೇ ಕತ್ತಲಕೋಣೆಯಲ್ಲಿ ಜನರನ್ನು ಕೂರಿಸಿ, ಬೆಳಕಿನ ಚುಕ್ಕೆ ಎಷ್ಟು ಸರಿಯಿತು ಎಂದು ಕೇಳಿದರು. ಒಬ್ಬೊಬ್ಬರೇ ಇದ್ದಾಗ ಒಂದೊಂದು ಉತ್ತರ. ಗುಂಪಿನಲ್ಲಿ ಕೂತು ಗಟ್ಟಿಯಾಗಿ ಹೇಳತೊಡಗಿದ ಮೇಲೆ ಉತ್ತರಗಳು ಒಂದಕ್ಕೊಂದು ಹತ್ತಿರ ಬಂದವು. ಚುಕ್ಕೆ ಅಲುಗಾಡಿಯೇ ಇರಲಿಲ್ಲ. "ಮನೆಮಂದಿಯೆಲ್ಲ ನೋಡಿದ್ದೇವೆ" ಎಂದಾಗ ಅದಕ್ಕೇ ನಾನು, ಮೊದಲು ಬಾಯಿ ಬಿಟ್ಟವರು ಯಾರು ಎಂದು ಕೇಳುತ್ತೇನೆ.

ನೆನಪಿನ ಮಾತಿಗೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರದೇ ಪ್ರಕರಣ ಸಾಕು. ಜಾರ್ಜಿಯಾದ ಗವರ್ನರ್ ಆಗಿದ್ದಾಗ, 1973ರಲ್ಲಿ, ಆಕಾಶದಲ್ಲಿ ಕಂಡ ಹಳೆಯದೊಂದು ದೃಶ್ಯದ ಬಗ್ಗೆ ಅವರು ವರದಿಯ ಫಾರಂ ತುಂಬಿದರು. ಲಿಯರಿ ಎಂಬ ಊರು, ಲಯನ್ಸ್ ಕ್ಲಬ್ಬಿನ ಸಭೆಗೆ ಮುಂಚಿನ ಹೊತ್ತು, ಪಶ್ಚಿಮದಲ್ಲಿ ಒಂದು ಬೆಳಕು. ಅದು ಹತ್ತಿರ ಬಂದು ದೂರ ಸರಿಯುತ್ತ ಬಣ್ಣ ಬದಲಿಸುತ್ತಿತ್ತಂತೆ. ತಿಂಗಳು 1969ರ ಅಕ್ಟೋಬರ್ ಎಂದು ಬರೆದಿದ್ದರು. ಕ್ಲಬ್ಬಿನ ದಾಖಲೆ ತೆಗೆಸಿ ನೋಡಿದರೆ ಆ ಸಭೆ ನಡೆದದ್ದು ಅದೇ ವರ್ಷದ ಜನವರಿ 6ರಂದು. ಗಮನಿಸಿ, ಅವರು ನೌಕಾಪಡೆಯಲ್ಲಿ ತರಬೇತಾದವರು, ಮರೆಗುಳಿಯಲ್ಲ. ಆ ಸಂಜೆ ಆ ದಿಕ್ಕಿನಲ್ಲಿ ಶುಕ್ರ ಹೊಳೆಯುತ್ತಿತ್ತು. ಅದೇ ಸಂಜೆ ಫ್ಲಾರಿಡಾದಿಂದ ಹಾರಿಸಿದ ರಾಕೆಟ್ ಬಿಟ್ಟ, ಬಣ್ಣಬಣ್ಣವಾಗಿ ಹೊಳೆಯುವ ಬೇರಿಯಂ ಆವಿಯ ಮೋಡ ಅದಾಗಿತ್ತು ಎಂಬ ವಾದವೂ ಆಮೇಲೆ ಬಂತು. ಬಣ್ಣದ ವಿವರ ನೋಡಿದರೆ ನನಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ. ತಾರೀಖು ಸಿಗದೇ ಹೋಗಿದ್ದರೆ ಎರಡನ್ನೂ ತಾಳೆ ನೋಡಲು ದಾರಿಯೇ ಇರುತ್ತಿರಲಿಲ್ಲ.

ಅಮೆರಿಕದ ವಾಯುಪಡೆ, ಇಂಥ ದೃಶ್ಯಗಳ ತನಿಖೆಗೆಂದು ನಡೆಸಿದ ಪ್ರಾಜೆಕ್ಟ್ ಬ್ಲೂಬುಕ್ ಅನ್ನು ಮುಚ್ಚಿದಾಗ ಲೆಕ್ಕದಲ್ಲಿದ್ದ 12,618 ವರದಿಗಳಲ್ಲಿ 701ಕ್ಕೆ ಉತ್ತರ ಸಿಕ್ಕಿರಲಿಲ್ಲ. ಆ ಸಂಖ್ಯೆಯನ್ನು ಅನ್ಯಗ್ರಹದವರ ಲೆಕ್ಕಕ್ಕೆ ಜಮಾ ಮಾಡುವವರೂ ತಪ್ಪು, ಎಲ್ಲ ಭ್ರಮೆ ಎಂದು ಗುಡಿಸಿಹಾಕುವವರೂ ತಪ್ಪು.

ಬ್ಯಾಂಕಿನವರಿಗೆ ಒಂದು ಹಾಳೆ ಕೊಟ್ಟೆ. ಹೊತ್ತು, ದಿಕ್ಕು, ಬೆರಳಳತೆ, ಎಷ್ಟು ನಿಮಿಷ. ಮೂರನ್ನು ತುಂಬಿದರು. "ಎಷ್ಟು ಹೊತ್ತಿಗೆ ಅಂತ ಮಾತ್ರ..." ಎಂದು ಪೆನ್ನು ಹಿಡಿದೇ ಕೂತರು. ಮನೆಗೆ ಹೋಗಿ ಹೆಂಡತಿಗೆ ಮಾಡಿದ ಫೋನಿನ ಸಮಯ ನೋಡಿ ಹೇಳುತ್ತೇನೆ ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.