ಹಳೆ ಥಿಯೇಟರ್: ರಿಪೇರಿಗೂ ಮೊದಲು ಕ್ಯಾಲೆಂಡರ್

"ಸರ್, ಸುಣ್ಣಬಣ್ಣ ಎಲ್ಲ ಸೇರಿ ಎಷ್ಟಾಗುತ್ತೆ?" ಹಳೆ ಥಿಯೇಟರಿನ ಮಾಲೀಕರು ಫೋನ್ ಮಾಡಿದರೆ ಮೊದಲ ಮಾತೇ ಇದು. "ಮುಂದೆ ಅಲ್ಲಿ ಏನು ನಡೆಸ್ತೀರಿ?" ಅಂತ ನಾನು ಕೇಳುತ್ತೇನೆ. ಆ ಕಡೆ ಸದ್ದಿರುವುದಿಲ್ಲ.

ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ನಾಟಕಕ್ಕೆ ಗೋಡೆಗೆ ಬಡಿದ ದನಿ ಬೇಗ ಅಡಗಬೇಕು, ಇಲ್ಲದಿದ್ದರೆ ಒಂದು ಮಾತಿನ ಮೇಲೆ ಇನ್ನೊಂದು ಬೀಳುತ್ತದೆ. ಮೈಕಿಲ್ಲದ ಸಂಗೀತಕ್ಕೆ ಅದೇ ದನಿ ಇನ್ನಷ್ಟು ಹೊತ್ತು ಉಳಿದರೆ ಚೆಂದ. ಸಿನಿಮಾಕ್ಕಂತೂ ಗೋಡೆ ಏನೂ ಮಾತಾಡಬಾರದು, ಸ್ಪೀಕರ್ ಮಾತ್ರ ಮಾತಾಡಬೇಕು. ನೆಲಕ್ಕೆ ಮರವೋ ಕಾರ್ಪೆಟ್ಟೋ ಎಂಬುದೂ ಇದರ ಮೇಲೇ ನಿಂತಿದೆ.

ಮುಂಬೈನ ರಾಯಲ್ ಒಪೆರಾ ಹೌಸ್ ನೋಡಿ. 1911ರಲ್ಲಿ ದೊರೆ ಐದನೇ ಜಾರ್ಜ್ ಉದ್ಘಾಟಿಸಿದಾಗ ಕೆಲಸವೇ ಮುಗಿದಿರಲಿಲ್ಲ! (ನಮ್ಮಲ್ಲಿ ಈ ಪದ್ಧತಿ ಹಳೆಯದು.) ಆಮೇಲೆ ಅದು ಸಿನಿಮಾ ಮಂದಿರವಾಯಿತು. ನಟ ಪೃಥ್ವಿರಾಜ್ ಕಪೂರ್ ಅಲ್ಲಿ ನಾಟಕವನ್ನೂ ಆಡಿದರು. 1993ರಲ್ಲಿ ಬಾಗಿಲಿಗೆ ಬೀಗ ಬಿತ್ತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ವರ್ಷಗಟ್ಟಲೆ ದುಡಿದು 2016ರಲ್ಲಿ ಮತ್ತೆ ತೆರೆಯಿತು. ಸಿನಿಮಾಕ್ಕಾಗಿ ಕಿತ್ತಿದ್ದ ಬಾಕ್ಸುಗಳನ್ನು (ಕೆಲವೇ ಜನ ಪ್ರತ್ಯೇಕವಾಗಿ ಕೂತು ನೋಡುವ ಪುಟ್ಟ ಗೂಡುಗಳು) ಹಳೆ ಫೋಟೋ ನೋಡಿ ಮತ್ತೆ ಕಟ್ಟಿದರು. ಹಾಗಂತ ಸಿನಿಮಾವನ್ನು ಹೊರಗಟ್ಟಲಿಲ್ಲ. ಆ ಅಕ್ಟೋಬರಿನಲ್ಲೇ ಮುಂಬೈ ಚಿತ್ರೋತ್ಸವ ಅಲ್ಲಿ ಶುರುವಾಯಿತು. ನನಗೆ ಹಿಡಿಸಿದ್ದು ಇದೇ. ಸಿನಿಮಾ ಕಾಲವೂ ಕಟ್ಟಡದ ಆಯುಸ್ಸಿನದ್ದೇ ಅಲ್ವಾ? ಸುಮಾರು 575 ಸೀಟು, ಈಗಿನ ಲೆಕ್ಕಕ್ಕೆ ಕಮ್ಮಿ. ನಾಟಕ, ಸಂಗೀತ, ಸಿನಿಮಾ ಮೂರೂ ಸೇರಿದರೇನೇ ಅಂಥ ಜಾಗದ ಕರೆಂಟ್ ಬಿಲ್ ಹುಟ್ಟೀತು.

ಬಳಕೆ ಏನೇ ಇರಲಿ, ತಡಮಾಡಲಾಗದ ಕೆಲಸ ಒಂದಿದೆ: ಮೊದಲು ಸೋರುವ ಚಾವಣಿ, ಆಮೇಲೆ ಉಳಿದದ್ದು. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಲೇಬೇಡಿ. ಗೋಡೆ ಕುಡಿದ ನೀರು ಹೊರಬರಲಾಗದೆ ಒಳಗೇ ನಿಲ್ಲುತ್ತದೆ. ಪಕ್ಕದ ತೊಲೆ ಕೊಳೆಯುತ್ತದೆ, ಗೆದ್ದಲಿಗೆ ಹಬ್ಬ. ಹೊಸದಾಗಿ ಹಾಕುವ ಎಸಿ ಪೈಪು, ವೈರು ಏನೇ ಆದರೂ ನಾಳೆ ಹಳೆ ಗೋಡೆಗೆ ಪೆಟ್ಟಾಗದಂತೆ ತೆಗೆಯಲು ಬರಬೇಕು.

ಮದುವೆ ಛತ್ರ ಮಾಡೋಣ ಅನ್ನುವವರೇ ಜಾಸ್ತಿ. ಊಟದ ಟೇಬಲ್ಲಿಗೆ ಸಮತಟ್ಟು ನೆಲ ಬೇಕು. ಥಿಯೇಟರಿನ ಇಳಿಜಾರು ನೆಲಕ್ಕೆ ಮಣ್ಣು, ಕಾಂಕ್ರೀಟ್ ತುಂಬಿದರೆ ಹಿಂದಿನ ಸಾಲಿಗೆ ರಂಗ ಮತ್ತೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಈಗ ಎಸ್ಟಿಮೇಟ್ ಬರೆಯುವ ಮುಂಚೆ ಒಂದು ವರ್ಷದ ಕ್ಯಾಲೆಂಡರ್ ತುಂಬಿ ತನ್ನಿ ಅನ್ನುತ್ತೇನೆ: ಯಾವ ದಿನ, ಯಾವ ಕಾರ್ಯಕ್ರಮ, ಬಾಡಿಗೆ ಕೊಡುವವರು ಯಾರು. ಒಬ್ಬರು ತಂದೂ ಕೊಟ್ಟರು. ಮುಹೂರ್ತದ ದಿನಗಳಿಗೆಲ್ಲ ಕೆಂಪು ಗುರುತು. ಆಷಾಢ ಪೂರ್ತಿ ಖಾಲಿ. "ಆ ತಿಂಗಳು ನಾಟಕಕ್ಕೆ ಕೊಡಿ," ಅಂದೆ. ಯೋಚನೆ ಮಾಡ್ತಿದ್ದಾರೆ.