ಹಸಿ ಹಾಲಿನ ಆಸೆ, ಹದಿನೈದು ಸೆಕೆಂಡಿನ ಬಿಸಿ

ಮಾಲ್ಟಾ ದ್ವೀಪದಲ್ಲಿ ಸುಮಾರು 120 ವರ್ಷಗಳ ಹಿಂದೆ ಹಾಲಿಗಾಗಿ ಯಾರೂ ಅಂಗಡಿಗೆ ಹೋಗಬೇಕಿರಲಿಲ್ಲ. ಮೇಕೆಗಳ ಹಿಂಡೇ ಮನೆಬಾಗಿಲಿಗೆ ಬರುತ್ತಿತ್ತು. ಪಾತ್ರೆ ಒಡ್ಡಿದರೆ ಕಣ್ಣೆದುರೇ ಕರೆದು ಕೊಡುತ್ತಿದ್ದರು. ನೀರು ಬೆರೆಸುವ ಅನುಮಾನವಿಲ್ಲ, ದಾರಿಯಲ್ಲಿ ಕೆಡುವ ಭಯವಿಲ್ಲ. ಅದಕ್ಕಿಂತ ತಾಜಾ ಹಾಲು ಇನ್ನೆಲ್ಲೂ ಸಿಗಲಾರದು. ಅದೇ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರು ಮಾತ್ರ ಪ್ರತಿ ವರ್ಷ ಒಂದು ವಿಚಿತ್ರ ಜ್ವರ ಬಂದು ಹಾಸಿಗೆ ಹಿಡಿಯುತ್ತಿದ್ದರು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯೆಲ್ಲ ಬೆವರು, ಕೀಲುನೋವು, ತಿಂಗಳುಗಟ್ಟಲೆ ಬಿಡದ ಸುಸ್ತು. 1887ರಲ್ಲಿ ಸೇನಾ ವೈದ್ಯ ಡೇವಿಡ್ ಬ್ರೂಸ್ ಈ ಜ್ವರದಿಂದ ಸತ್ತವರ ಗುಲ್ಮದಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಬರುವುದೆಲ್ಲಿಂದ ಎಂದು ಗೊತ್ತಾಗಲು ಮತ್ತೆ 18 ವರ್ಷ ಹಿಡಿಯಿತು. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿತ್ ಮೇಕೆಗಳ ರಕ್ತ ಪರೀಕ್ಷಿಸಿದರು. ಮೈತುಂಬಿಕೊಂಡು, ಚೆನ್ನಾಗಿ ಮೇಯುತ್ತಿದ್ದ ಮೇಕೆಗಳಲ್ಲೇ ಆ ಬ್ಯಾಕ್ಟೀರಿಯಾ ಮನೆಮಾಡಿತ್ತು. 1906ರಲ್ಲಿ ಸೈನಿಕರಿಗೆ ಮೇಕೆ ಹಾಲು ಕೊಡುವುದನ್ನು ನಿಲ್ಲಿಸಿದ್ದೇ ತಡ, ಶಿಬಿರಗಳಲ್ಲಿ ಜ್ವರ ಸರ್ರನೆ ಇಳಿಯಿತು.

ಬ್ರೂಸ್ ಹೆಸರಿನಿಂದಲೇ ಅದು ಬ್ರುಸೆಲ್ಲಾ ಆಯಿತು. ನಮ್ಮ ಹಳ್ಳಿಗಳಲ್ಲಿ ದನ ದಿನ ತುಂಬುವ ಮೊದಲೇ ಕಂದು ಹಾಕಿದರೆ ಪಶುವೈದ್ಯರು ಮೊದಲು ಅನುಮಾನಿಸುವ ಕಂದು ರೋಗ ಇದೇ. ಇದರಲ್ಲಿ ಒಂದು ಮೋಸವಿದೆ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಸಾಮಾನ್ಯವಾಗಿ ಸರಿಯಾಗಿಯೇ ಕರು ಹಾಕುತ್ತದೆ, ಒಳ್ಳೆಯ ಹಾಲೂ ಕೊಡುತ್ತದೆ. ಆ ಹಾಲಿನಲ್ಲಿ ರೋಗಾಣು ಆಗಾಗ ಇಳಿಯುತ್ತಲೇ ಇರುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಅದು ಗೊತ್ತಾಗದು. ಮನುಷ್ಯನಿಗೆ ಬಂದರೆ ಎರಡು ಬಗೆಯ ಆ್ಯಂಟಿಬಯಾಟಿಕ್ ಸೇರಿಸಿ 6 ವಾರ ಕೊಡಬೇಕು. ನಡುವೆ ಬಿಟ್ಟರೆ ಜ್ವರ ಮರಳುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಲಸಿಕೆ ಹಾಕುತ್ತಿರುವುದು ಇದಕ್ಕಾಗಿಯೇ.

ಈಗ ಬೆಂಗಳೂರಿನಂಥ ಊರುಗಳಲ್ಲಿ ಗಾಜಿನ ಬಾಟಲಿಯಲ್ಲಿ ಮನೆಬಾಗಿಲಿಗೆ ಬರುವ ಹಾಲಿನ ಮೇಲೆ ‘ಹಸಿ’, ‘ಸಾವಯವ’, ‘ಎ2’, ‘ನಾಟಿ ಹಸುವಿನದು’ ಎಂಬ ಮಾತುಗಳು ಒಟ್ಟೊಟ್ಟಿಗೇ ಇರುತ್ತವೆ. ಬೆಲೆ ಪ್ಯಾಕೆಟ್ ಹಾಲಿನ ಎರಡು ಮೂರು ಪಟ್ಟು. ಒಂದೇ ಗುಣಕ್ಕೆ ನಾಲ್ಕು ಹೆಸರು ಇದ್ದ ಹಾಗೆ ಇವನ್ನು ಓದಿಸುತ್ತಾರೆ. ಆದರೆ ‘ಸಾವಯವ’ ಎಂದರೆ ಹಸು ಏನು ತಿಂದಿತು ಎಂಬುದಕ್ಕೆ ಉತ್ತರ. ‘ಎ2’ ಎಂದರೆ ಹಾಲಿನ ಒಂದು ಪ್ರೋಟೀನಿನ ವಿಚಾರ. ಹಾಲಿನಲ್ಲಿ ರೋಗಾಣು ಇದೆಯೇ ಎಂಬ ಪ್ರಶ್ನೆಗೆ ಇವೆರಡರಲ್ಲೂ ಉತ್ತರವಿಲ್ಲ. ‘ಹಸಿ’ ಎಂಬ ಮಾತಂತೂ ಆ ಪ್ರಶ್ನೆಯನ್ನೇ ತೆರೆದು ಬಿಡುತ್ತದೆ.

ಡೈರಿಯಲ್ಲಿ ಹಾಲಿಗೆ ಆಗುವುದೇನು? ಹಳೆಯ ವಿಧಾನದಲ್ಲಿ ದೊಡ್ಡ ತೊಟ್ಟಿಯಲ್ಲಿ 63 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 30 ನಿಮಿಷ ಇಡುತ್ತಿದ್ದರು. ಈಗ ಹೆಚ್ಚಾಗಿ 72 ಡಿಗ್ರಿಯಲ್ಲಿ 15 ಸೆಕೆಂಡು. 9 ಡಿಗ್ರಿ ಏರಿಸಿದ್ದಕ್ಕೆ ಸಮಯ 120ರಲ್ಲಿ ಒಂದು ಪಾಲಿಗೆ ಇಳಿಯಿತು. ರೋಗಾಣುಗಳು ಸಾಯುವ ವೇಗ ಬಿಸಿಯೊಂದಿಗೆ ಅಷ್ಟು ಬೇಗ ಏರುತ್ತದೆ. ಹಾಲಿನ ರುಚಿ ಬದಲಾಗುವ ವೇಗ ಅಷ್ಟು ಏರುವುದಿಲ್ಲ. ಪಾಶ್ಚರೀಕರಣ ಎಂಬ ಈ ವಿಧಾನ ನಿಂತಿರುವುದು ಈ ಅಂತರದ ಮೇಲೆ.

ಯಂತ್ರವೆಂದರೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ಸ್ಟೀಲ್ ತಗಡುಗಳು. ಒಂದು ತಗಡಿನ ಈಚೆ 4 ಡಿಗ್ರಿಯ ಹಸಿ ಹಾಲು ಒಳಬರುತ್ತಿದ್ದರೆ, ಆಚೆ ಕಾದ ಹಾಲು ಹೊರಹೋಗುತ್ತಿರುತ್ತದೆ. ಹೋಗುವ ಹಾಲು ಬರುವ ಹಾಲನ್ನು ಬೆಚ್ಚಗೆ ಮಾಡಿ ತಾನು ತಣ್ಣಗಾಗುತ್ತದೆ. ಬೇಕಾದ ಬಿಸಿಯ ನೂರಕ್ಕೆ 90ರವರೆಗೂ ಹೀಗೆ ಉಳಿತಾಯವಾಗಬಲ್ಲದು. ಮಿಕ್ಕ ಬಿಸಿ ಕೊಡುವುದು ಬಿಸಿನೀರು. ಆಮೇಲೆ ಹಾಲು ಒಂದು ಸುತ್ತುಗೊಳವೆಯೊಳಗೆ ಹೋಗುತ್ತದೆ. ಗಂಟೆಗೆ 10,000 ಲೀಟರ್ ಹರಿಸುವ ಯಂತ್ರದಲ್ಲಿ 15 ಸೆಕೆಂಡಿಗೆ ಸುಮಾರು 42 ಲೀಟರ್ ಹಿಡಿಯುವ ಕೊಳವೆ ಬೇಕು. ನಡುಮಧ್ಯದ ಹಾಲು ಅಂಚಿನ ಹಾಲಿಗಿಂತ ಬೇಗ ಓಡುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿದು ಇನ್ನಷ್ಟು ಉದ್ದ ಇಡುತ್ತಾರೆ. ಕೊಳವೆ ಮುಗಿದಲ್ಲಿ ಒಂದು ಕವಾಟ. ಅಲ್ಲಿ ಬಿಸಿ ನಿಗದಿಗಿಂತ ಇಳಿದಿದ್ದರೆ ಅದು ತಾನಾಗಿ ಹಾಲನ್ನು ಹಸಿ ಹಾಲಿನ ತೊಟ್ಟಿಗೇ ಹಿಂತಿರುಗಿಸುತ್ತದೆ. ತಗಡಿನಲ್ಲಿ ಸಣ್ಣ ತೂತು ಬಿದ್ದರೆ ಎಲ್ಲ ಕೆಟ್ಟಂತೆ. ಆದ್ದರಿಂದ ಕಾಯಿಸಿದ ಹಾಲಿನ ಕಡೆ ಒತ್ತಡ ಹೆಚ್ಚಿಡುತ್ತಾರೆ, ಸೋರಿದರೂ ಅದು ಹಸಿ ಹಾಲಿನ ಕಡೆಗೇ ಸೋರಲಿ ಎಂದು.

ಕೆಲಸ ಸರಿಯಾಯಿತೇ ಎಂದು ನೋಡಲು ಹಾಲಿನಲ್ಲೇ ಒಂದು ಸಾಕ್ಷಿ ಇದೆ. ಅದು ಫಾಸ್ಫಟೇಸ್ ಎಂಬ ಕಿಣ್ವ. ಹಾಲಿನ ರೋಗಾಣುಗಳು ಸಾಯಲು ಬೇಕಾದುದಕ್ಕಿಂತ ತುಸುವೇ ಹೆಚ್ಚು ಬಿಸಿಗೆ ಇದು ನಾಶವಾಗುತ್ತದೆ. ಅದು ಸತ್ತಿದ್ದರೆ ರೋಗಾಣುಗಳೂ ಸತ್ತಿವೆ. ಪಾಶ್ಚರೀಕರಿಸಿದ ಸಾವಿರ ಲೀಟರಿಗೆ ಒಂದೆರಡು ಲೀಟರ್ ಹಸಿ ಹಾಲು ಸೇರಿದ್ದರೂ ಈ ಪರೀಕ್ಷೆ ಹೇಳಿಬಿಡುತ್ತದೆ. ಇನ್ನೊಂದು ಕಿಣ್ವ ಲ್ಯಾಕ್ಟೋಪೆರಾಕ್ಸಿಡೇಸ್ 80 ಡಿಗ್ರಿಯ ಹತ್ತಿರ ಹೋಗುವವರೆಗೂ ಬದುಕಿರುತ್ತದೆ. ಪಾಶ್ಚರೀಕರಣದಿಂದ ‘ಹಾಲು ಸತ್ತುಹೋಗುತ್ತದೆ’ ಎನ್ನುವವರು ಈ ಎರಡನೆಯದರ ವಿಷಯ ಎತ್ತುವುದಿಲ್ಲ.

ಬಿಸಿಯಿಂದ ನಷ್ಟವೇ ಇಲ್ಲ ಎಂದಲ್ಲ. ಬಿ1, ಬಿ12ರಂಥ ವಿಟಮಿನ್‌ಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು ಹೋಗುತ್ತದೆ. ಸಿ ವಿಟಮಿನ್ ಹಾಲಿನಲ್ಲಿ ಮೊದಲೇ ಕಡಿಮೆ. ಸುಣ್ಣದ ಅಂಶ ಹಾಗೇ ಇರುತ್ತದೆ. ಬಿ2 ವಿಟಮಿನ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಬೆಳಕಿಗೆ ಸೋಲುತ್ತದೆ. ಪಾರದರ್ಶಕ ಗಾಜಿನ ಬಾಟಲಿಯನ್ನು ಎರಡು ಗಂಟೆ ಬಿಸಿಲಿನಲ್ಲಿ ಬಿಟ್ಟರೆ ಅದರ ಅರ್ಧದಷ್ಟು ಹಾಳಾಗಬಹುದು. ಹೆಚ್ಚು ದುಡ್ಡು ಕೊಟ್ಟು ತರಿಸಿದ ಹಾಲು ಗೇಟಿನ ಬಳಿ ಬಿಸಿಲು ಕಾಯುತ್ತಿದ್ದರೆ ಪಾಶ್ಚರೀಕರಣವನ್ನು ಬೈದು ಏನೂ ಫಲವಿಲ್ಲ. ಪ್ಯಾಕೆಟ್ ಹಾಲು ‘ಬೇರೆ ಥರ’ ಅನ್ನಿಸುವುದಕ್ಕೂ ಹೆಚ್ಚಿನ ಸಲ ಕಾರಣ ಬೇರೆ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟಿಗೆ ಇಳಿಸಿರುತ್ತಾರೆ. ಹೋಮೋಜಿನೈಸ್ ಮಾಡಿದ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಒಡೆದು ಸಣ್ಣದು ಮಾಡಿರುವುದರಿಂದ ಕೆನೆ ಮೇಲೆ ಬರುವುದಿಲ್ಲ.

ಹಾಲು ಜೀರ್ಣವಾಗದವರಿಗೆ ಹಸಿ ಹಾಲು ಒಗ್ಗುತ್ತದೆ ಎಂಬ ಮಾತೂ ಇದೆ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ 16 ಮಂದಿಗೆ ಎರಡೂ ಬಗೆಯ ಹಾಲು ಕುಡಿಸಿ ನೋಡಿದರು. ಹಸಿ ಹಾಲಿನಿಂದ ಲಾಭ ಕಾಣಲಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಹಸಿ ಹಾಲಿನಲ್ಲಿ ಮೊದಲೇ ಇರುವುದಿಲ್ಲ. ಹಸಿ ಹಾಲಿನ ಪರವಾಗಿ ಗಟ್ಟಿಯಾಗಿ ಹೇಳಬಹುದಾದದ್ದು ಒಂದೇ. ಯುರೋಪಿನ ಹಳ್ಳಿ ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಕೊಟ್ಟಿಗೆಯ ಹಸಿ ಹಾಲು ಕುಡಿದವರಲ್ಲಿ ಅಸ್ತಮಾ, ಅಲರ್ಜಿ ಕಡಿಮೆ ಕಂಡಿದೆ, ಕಾಯಿಸಿದ ಹಾಲಿನಲ್ಲಿ ಆ ಲಾಭ ಕಂಡಿಲ್ಲ. ಆ ಸಂಶೋಧಕರೇ ಹಸಿ ಹಾಲು ಕುಡಿಯಿರಿ ಎಂದು ಸಲಹೆ ಕೊಟ್ಟಿಲ್ಲ, ಏಕೆಂದರೆ ಅದೇ ಲೋಟದಲ್ಲಿ ಮೂತ್ರಪಿಂಡ ಕೆಡಿಸುವ ಇ. ಕೊಲೈ ತಳಿಯೂ ಬರಬಹುದು. ಬಸುರಿಯರಿಗೆ ಅಪಾಯ ತರುವ ಲಿಸ್ಟೀರಿಯಾ ಫ್ರಿಜ್ಜಿನ 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ‘ಒಳ್ಳೆಯ ಬ್ಯಾಕ್ಟೀರಿಯಾ’ ಬೇಕೆಂದರೆ ಒಂದು ಸೌಟು ಮೊಸರು ಸಾಕು, ಗ್ರಾಮಿಗೆ ಕೋಟಿ ಲೆಕ್ಕದಲ್ಲಿರುತ್ತವೆ.

ಬಿಸಿಗೆ ಆಗದ ಕೆಲಸಗಳೂ ಇವೆ, ಸಾವಯವದವರ ಮಾತಿಗೆ ತೂಕ ಬರುವುದು ಅಲ್ಲೇ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಜೋಳ ತಿಂದ ಹಸುವಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಇಳಿಯುತ್ತದೆ. ಕುದಿಸಿದರೂ, ಪಾಶ್ಚರೀಕರಿಸಿದರೂ ಅದು ಹೋಗುವುದಿಲ್ಲ. 2018ರಲ್ಲಿ ದೇಶದಾದ್ಯಂತ 6,432 ಮಾದರಿ ಹಾಲು ಪರೀಕ್ಷಿಸಿದಾಗ 5.7 ಪರ್ಸೆಂಟ್ ಮಾದರಿಗಳಲ್ಲಿ ಇದು ಮಿತಿ ಮೀರಿತ್ತು. ನೀರು, ಯೂರಿಯಾ ಎಂದು ನಾವು ಹೆದರುವ ಹಾಲಿನಲ್ಲಿ ನಿಜವಾಗಿ ಎದ್ದು ಕಂಡದ್ದು ಹಿಂಡಿಯ ಬೂಷ್ಟು. ಕೆಚ್ಚಲು ಬಾವಿಗೆ ಮೊಲೆಯೊಳಗೆ ಏರಿಸುವ ಔಷಧಿಯದೂ ಇದೇ ಕಥೆ. ಕೊನೆಯ ಡೋಸಿನ ನಂತರ ಟ್ಯೂಬಿನ ಮೇಲೆ ಬರೆದಷ್ಟು ದಿನ, ಸಾಮಾನ್ಯವಾಗಿ ಮೂರ್ನಾಲ್ಕು ದಿನ, ಆ ಹಾಲನ್ನು ಡೈರಿಗೆ ಹಾಕಬಾರದು. ಹಾಕಿದರೆ ಕೆಲವೊಮ್ಮೆ ಮನೆಯಲ್ಲೇ ಸುಳಿವು ಸಿಗುತ್ತದೆ: ಹೆಪ್ಪು ಚೆನ್ನಾಗಿದೆ, ಹಾಲು ಉಗುರುಬೆಚ್ಚಗಿದೆ, ರಾತ್ರಿ ಕಳೆದರೂ ಮೊಸರು ಹೆಪ್ಪಾಗಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಔಷಧಿ ತಡೆದಿರುತ್ತದೆ. ಸಾವಯವ ನಿಯಮಗಳಲ್ಲಿ ಈ ಕಾಯುವ ಅವಧಿ ಎರಡು ಪಟ್ಟು, ಮೇವಿಗೂ ಲೆಕ್ಕಪತ್ರ ಇಡಬೇಕು. ಆದರೆ ಮಳೆಗಾಲದಲ್ಲಿ ಒದ್ದೆ ಗೋಡೆಗೆ ಒರಗಿಸಿಟ್ಟರೆ ಸಾವಯವ ಹಿಂಡಿಗೂ ಬೂಷ್ಟು ಬರುತ್ತದೆ. ಬೂಷ್ಟು ಪ್ರಮಾಣಪತ್ರ ನೋಡುವುದಿಲ್ಲ.

ಇನ್ನು ಸಾವಯವ ಹಾಲಿನ ಪೌಷ್ಟಿಕತೆ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಅದರಲ್ಲಿ ಒಮೆಗಾ-3 ಕೊಬ್ಬು ಅರ್ಧದಷ್ಟು ಹೆಚ್ಚೆಂದು ಕಂಡಿತು. ಮುಖ್ಯ ಕಾರಣ ಹಸಿ ಹುಲ್ಲು. ಹುಲ್ಲು ಮೇದ ಯಾವ ಹಸುವಿನಲ್ಲೂ ಅದು ಹೆಚ್ಚುತ್ತದೆ. ಹಾಗೆ ಹೆಚ್ಚಿದರೂ ಒಂದು ಲೋಟ ಹಾಲಿನಲ್ಲಿರುವುದು ಮಿಲಿಗ್ರಾಂ ಲೆಕ್ಕ. ಉತ್ತರ ಕರ್ನಾಟಕದ ಊಟದೆಲೆಯ ಮೂಲೆಯಲ್ಲಿರುವ ಒಂದು ಚಮಚ ಅಗಸೆ ಚಟ್ನಿಪುಡಿಯಲ್ಲಿ ಅದರ ಹಲವು ಪಟ್ಟು ಇದೆ. ತರಕಾರಿ, ಧಾನ್ಯಗಳಲ್ಲಿ ಸಾವಯವಕ್ಕೆ ಗಟ್ಟಿಯಾದ ಆಧಾರವಿರುವುದು ಕೀಟನಾಶಕದ ಉಳಿಕೆ ಕಡಿಮೆ ಎಂಬುದರಲ್ಲಿ. ಕೊಳ್ಳುವಾಗ ಸಾವಯವ ಪ್ರಮಾಣಪತ್ರದ ‘ಜೈವಿಕ್ ಭಾರತ್’ ಗುರುತು ನೋಡಿ. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂಬುವು ಆ ಗುರುತಿಗೆ ಸಮವಲ್ಲ.

ಎ2 ವಿಷಯ ಚಿಕ್ಕದು. ಎ1, ಎ2 ಹಾಲುಗಳ ನಡುವೆ ಇರುವುದು ಬೀಟಾ ಕೇಸಿನ್ ಪ್ರೋಟೀನಿನ 67ನೇ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ವ್ಯತ್ಯಾಸ, ಅಷ್ಟೇ. ನಾಟಿ ಹಸು, ಎಮ್ಮೆಗಳದ್ದು ಬಹುಪಾಲು ಎ2 ಹಾಲೇ. ಎ1 ಹಾಲಿನಿಂದ ಕಾಯಿಲೆ ಬರುತ್ತದೆಂಬುದಕ್ಕೆ ಕಾರಣ–ಪರಿಣಾಮದ ಸಂಬಂಧ ಸಿಗಲಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲೇ ಹೇಳಿತು. ನಮ್ಮ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟಿನಲ್ಲಿ ಪೊಟ್ಟಣಗಳ ಮೇಲಿನ ಈ ಬರಹ ತೆಗೆಯಿರಿ ಎಂದು ಆದೇಶಿಸಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಿತು.

ಪರಿಚಯದ ಕೊಟ್ಟಿಗೆಯಿಂದಲೇ ಹಾಲು ತರುವುದಾದರೆ ಕೇಳಬೇಕಾದದ್ದು ತಳಿಯನ್ನಲ್ಲ. ಮೊದಲ ನಾಲ್ಕೈದು ಧಾರೆಯನ್ನು ಕಪ್ಪು ತಟ್ಟೆಗೆ ಬೇರೆಯಾಗಿ ಹಿಂಡಿ, ಗರಣೆಯೋ ರಕ್ತವೋ ಇದೆಯೇ ಎಂದು ನೋಡುತ್ತಾರೆಯೇ? ಕೆಚ್ಚಲು ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸುತ್ತಾರೆಯೇ, ಪ್ರತಿ ಹಸುವಿಗೂ ಬೇರೆ ಬಟ್ಟೆಯೇ? ತೊಳೆದ ನೀರು ತೊಟ್ಟಿಕ್ಕುತ್ತಿರುವಾಗಲೇ ಕರೆದರೆ ಅದಷ್ಟೂ ಹಾಲಿಗೇ ಇಳಿಯುತ್ತದೆ. ಬ್ರುಸೆಲ್ಲಾಗೆ ಹಾಲಿನದೇ ಒಂದು ಉಂಗುರ ಪರೀಕ್ಷೆ ಇದೆ: ಬಣ್ಣ ಕಟ್ಟಿದ ಪರೀಕ್ಷಾ ದ್ರವ ಒಂದು ಹನಿ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ, ಸೋಂಕಿದ್ದಲ್ಲಿ ಮೇಲೆ ಬಂದ ಕೆನೆಯಲ್ಲಿ ನೇರಳೆ ಉಂಗುರ ಕಟ್ಟುತ್ತದೆ. ಒಮ್ಮೆ ಇಲ್ಲ ಎಂದು ಬಂದರೆ ಮುಂದಿನ ವರ್ಷಕ್ಕೂ ಇಲ್ಲ ಎಂದಲ್ಲ.

ಇಷ್ಟಾದರೂ ಕಾಯಿಸಲೇಬೇಕು. ಹಾಲು ಕಾಯಿಸುವ ರೂಢಿ ನಮ್ಮನ್ನು ಎಷ್ಟೋ ಕಾಯಿಲೆಗಳಿಂದ ಕಾಪಾಡಿದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಮಡಿಕೇರಿಯಲ್ಲಿ 96ರ ಹತ್ತಿರ. ಎರಡೂ ಕಡೆ ಹಾಲು 72ನ್ನು ಎಷ್ಟೋ ಮೀರಿರುತ್ತದೆ. ಸೌಟಾಡಿಸುತ್ತ ಕಾಯಿಸಿ, ಉಕ್ಕಿ ಬಂದ ಮೇಲೆ ಉರಿ ತಗ್ಗಿಸಿ ಎರಡು ಮೂರು ನಿಮಿಷ ಬಿಟ್ಟರೆ ಸಾಕು. ತಪ್ಪಾಗುವುದು ಆಮೇಲೆ. ಬೀಜಕ ಕಟ್ಟುವ ಬ್ಯಾಕ್ಟೀರಿಯಾಗಳು ಕುದಿತಕ್ಕೂ ಸಾಯುವುದಿಲ್ಲ, ಬೆಚ್ಚಗಿನ ಪಾತ್ರೆಯಲ್ಲಿ ಮೊಳೆಯುತ್ತವೆ. ಆದ್ದರಿಂದ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ನಿನ್ನೆಯ ಉಳಿಕೆಯ ಮೇಲೆ ಇವತ್ತಿನ ಹಾಲು ಸುರಿಯಬೇಡಿ. ಒಲೆಯ ಮೇಲೆ ಹಾಲು ಒಡೆದರೆ ಅದು ಬಹಳ ಹೊತ್ತು ಬೆಚ್ಚಗಿತ್ತೆಂದು ಸಾಮಾನ್ಯವಾಗಿ ಅರ್ಥ. ಹೊಸ ಹಾಲಿನ ಹುಳಿ 0.13–0.15 ಪರ್ಸೆಂಟ್, ಅದು 0.2ರ ಹತ್ತಿರ ಹೋದರೆ ಕಾಯಿಸಿದಾಗ ಒಡೆಯುತ್ತದೆ. ಅದನ್ನು ಮುಚ್ಚಿಡಲು ಅಡುಗೆ ಸೋಡಾ ಹಾಕುವವರೂ ಇದ್ದಾರೆ. ಹುಳಿ ತಗ್ಗುತ್ತದೆ, ಆದರೆ ಅಷ್ಟು ಹೊತ್ತಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹಾಗೇ ಉಳಿಯುತ್ತದೆ.

ಕುದಿತದಿಂದ ಒಂದು ಲಾಭವೂ ಉಂಟು. 85–90 ಡಿಗ್ರಿ ದಾಟಿದಾಗ ತಿಳಿಯಲ್ಲಿರುವ ಪ್ರೋಟೀನುಗಳು ಬಿಚ್ಚಿಕೊಂಡು ಕೇಸಿನ್‌ಗೆ ಅಂಟಿಕೊಳ್ಳುತ್ತವೆ, ನೀರನ್ನು ಹಿಡಿದಿಡುತ್ತವೆ. ಚಮಚ ನಿಲ್ಲುವಂಥ ಗಟ್ಟಿ ಮೊಸರಿಗೆ ಕಾರಣ ಇದೇ. ಹಸಿ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ತೆಳ್ಳಗಾಗಿ ನೀರು ಬಿಡುತ್ತದೆ.

ಕಾಯಿಸದ ಹಾಲೇ ಬೇಕೆಂಬ ಸಂದರ್ಭ ಪಂಚಾಮೃತದ್ದು. ಅದನ್ನು ತೀರ್ಥವಾಗಿ ಮಗುವಿನಿಂದ ಅಜ್ಜಿಯವರೆಗೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ಕೊಟ್ಟಿಗೆಯ ಹಾಲಿನ ಬದಲು ಅಂದೇ ಬಂದ, ಕೈಗೆ ತಣ್ಣಗಿರುವ ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಕತ್ತರಿಸಿ ನೇರ ಸುರಿದರೆ, ಒಲೆಗಿಡದ ಹಾಲೂ ಆಯಿತು, ಬ್ರುಸೆಲ್ಲಾದ ಚಿಂತೆಯೂ ಇಲ್ಲ. ಪಂಚಾಮೃತವನ್ನು ತಾಮ್ರದ ಪಾತ್ರೆಯಲ್ಲಿ ಮಾತ್ರ ಹೊತ್ತುಗಟ್ಟಲೆ ಬಿಡಬೇಡಿ. ಮೊಸರಿನ ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತದೆ. ಬೆಳ್ಳಿಯದೋ ಸ್ಟೀಲಿನದೋ ಬಟ್ಟಲು ಸಾಕು.